ಒಂದೇ ರೂಪ, ಎರಡು ಜಾತಿ: ಇಲಿಗಳ ಒಳಗುರುತು



ಎರಡು ತಳಿಯ ಭತ್ತದ ಕಾಳನ್ನು ಅಂಗೈಯಲ್ಲಿ ಹಿಡಿದು ನೋಡಿ. ಎಷ್ಟೋ ಸಲ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ. ಬಿತ್ತಿ, ತೆನೆ ಬಂದ ಮೇಲೆ ಗುಟ್ಟು ರಟ್ಟಾಗುತ್ತದೆ. ಇಲಿಗಳಲ್ಲಿಯೂ ಇಂಥ ಗುಟ್ಟು ಇದೆ.

ನಮ್ಮ ಅಟ್ಟದ ಮೇಲೆ ಓಡಾಡುವ ಮನೆ ಇಲಿ ನಿಮಗೆ ಗೊತ್ತೇ ಇದೆ. ಪಶ್ಚಿಮ ಘಟ್ಟದ ಕಾಡುಗಳಲ್ಲಿ ಮರದ ಮೇಲೆ ಬದುಕುವ ಇನ್ನೊಂದು ಇಲಿ ಇದೆ. ಅದರ ಹೆಸರು ಸಾತಾರ ಇಲಿ. ಮಹಾರಾಷ್ಟ್ರದ ಸಾತಾರ ಸೀಮೆಯ ಇಲಿಗಳನ್ನು ನೋಡಿ ಹಿಂಟನ್ ಎಂಬ ಪ್ರಾಣಿಶಾಸ್ತ್ರಜ್ಞ 1918ರಲ್ಲಿ ಈ ಹೆಸರಿಟ್ಟ. ಆದರೆ ಅವನು ಇದನ್ನು ಮನೆ ಇಲಿಯದೇ ಒಂದು ಉಪಜಾತಿ ಎಂದು ಎಣಿಸಿದ್ದ. ಬಿಳಿ ಹೊಟ್ಟೆ ನೋಡಿ ಬೇರೆ ಮಾಡೋಣವೆಂದರೆ, ಮನೆ ಇಲಿಯಲ್ಲೂ ಬಿಳಿ ಹೊಟ್ಟೆಯವು ಉಂಟು! 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ದಕ್ಷಿಣ ಭಾರತದ ಈ ಎರಡೂ ಇಲಿಗಳ ದೇಹದ ಅಳತೆ, ವರ್ಣತಂತು, ವಂಶವಾಹಿ ಮೂರನ್ನೂ ಹೋಲಿಸಿ, ಇವು ಬೇರೆ ಬೇರೆ ಜಾತಿಗಳೇ ಎಂದು ತೋರಿಸಿತು.

ಈ ಒಳಗುರುತನ್ನು ಓದುವುದು ಹೇಗೆ? ಮೊದಲ ದಾರಿ ವರ್ಣತಂತುಗಳ ಎಣಿಕೆ. ನಮ್ಮ ಮನೆ ಇಲಿಯ ಜೀವಕೋಶದಲ್ಲಿ ಅವು 38. ಅದರಂತೆಯೇ ಕಾಣುವ ಪೂರ್ವ ಏಷ್ಯಾದ ಇಲಿಯಲ್ಲಿ 42.

ಎರಡನೆಯ ದಾರಿ ಡಿ.ಎನ್.ಎ. ಓದುವುದು. ಇಲಿಯ ಕಿವಿಯ ಚೂರೊಂದನ್ನು ಮದ್ಯಸಾರದಲ್ಲಿ ಇಟ್ಟರೆ ಸಾಕು. ಪ್ರಯೋಗಾಲಯದಲ್ಲಿ ಅದರ ಒಂದು ವಂಶವಾಹಿಯನ್ನು ಲಕ್ಷಾಂತರ ಪ್ರತಿ ಮಾಡಿ, ಅಕ್ಷರ ಅಕ್ಷರವಾಗಿ ಓದುತ್ತಾರೆ. ಹೆಚ್ಚಾಗಿ ಓದುವ ಸೈಟೋಕ್ರೋಮ್-ಬಿ ಎಂಬ ವಂಶವಾಹಿಯಲ್ಲಿ ಸುಮಾರು 1140 ಅಕ್ಷರಗಳು. ಒಂದೇ ಬೀಸುವ ಕಲ್ಲಿನ ಪದವನ್ನು ಅಕ್ಕಲಕೋಟೆಯ ಕಡೆ ಒಂದು ರೀತಿ, ಹೊಸೂರಿನ ಕಡೆ ಒಂದು ರೀತಿ ಹಾಡಿದರೆ, ಬದಲಾದ ಮಾತಿನಿಂದಲೇ ಅದು ಯಾವ ಕಡೆಯದೆಂದು ನೀವು ಹೇಳುವುದಿಲ್ಲವೇ? ಇದೂ ಹಾಗೆಯೇ. ಆದರೆ ಒಂದು ಎಚ್ಚರಿಕೆ: ಈ ವಂಶವಾಹಿ ತಾಯಿಯಿಂದ ಮಾತ್ರ ಬರುತ್ತದೆ. ಎರಡು ಜಾತಿಗಳು ಕೂಡಿ ಮರಿಯಾಗಿದ್ದರೆ ಇದೊಂದೇ ಸಾಕ್ಷಿ ಮೋಸ ಮಾಡಬಹುದು. ಅದಕ್ಕೇ ತಂದೆ ತಾಯಿ ಇಬ್ಬರಿಂದಲೂ ಬರುವ ವಂಶವಾಹಿಗಳನ್ನೂ ನೋಡುತ್ತಾರೆ.

ಇಲಿ ಇಲಿಯೇ, ಯಾವುದಾದರೇನು ಎನ್ನುವಿರಾ? ಪಶ್ಚಿಮ ಆಫ್ರಿಕದ ಕಥೆ ಕೇಳಿ. ಅಲ್ಲಿ ಮಾಸ್ಟೊಮಿಸ್ ಕುಲದ ಎರಡು ಇಲಿಗಳು ನೋಡಲು ಒಂದೇ. ಒಂದರಲ್ಲಿ 32 ವರ್ಣತಂತು, ಇನ್ನೊಂದರಲ್ಲಿ 38. ನೈಜೀರಿಯಾದಲ್ಲಿ 1969ರಲ್ಲಿ ಪತ್ತೆಯಾದ ಮಾರಕ ಲಾಸಾ ಜ್ವರದ ವೈರಾಣುವನ್ನು ಮುಖ್ಯವಾಗಿ ಹೊತ್ತು ತಿರುಗುವುದು 32ರದ್ದು. ಗುರುತು ತಪ್ಪಿದರೆ ರೋಗ ತಡೆಯುವ ಕೆಲಸವೂ ದಾರಿ ತಪ್ಪುತ್ತದೆ.

ನಮ್ಮಲ್ಲಿಯೂ ಅಷ್ಟೆ. ಸಾತಾರ ಇಲಿ ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಮನೆ ಇಲಿಗೆಂದು ಕಾಡಂಚಿನ ತೋಟದಲ್ಲಿ ಚೆಲ್ಲಿದ ಪಾಷಾಣ ಅದನ್ನೂ ಕೊಲ್ಲಬಹುದು. ಆದ್ದರಿಂದ ನೀಲಗಿರಿ, ವಯನಾಡಿನ ಬಾಂಧವರೇ, ಪಾಷಾಣವನ್ನು ಕಾಡಂಚಿಗೆ ಒಯ್ಯಬೇಡಿ. ಮನೆಯೊಳಗೆ ಬೋನು ಇಡಿ, ಕಾಳನ್ನು ಭದ್ರವಾಗಿ ಮುಚ್ಚಿಡಿ. ಮಲಯಾಳದಲ್ಲಿ ಎಲಿಪ್ಪನಿ ಎನ್ನುವ ಇಲಿಜ್ವರವನ್ನು ಹಲವು ಜಾತಿಯ ಇಲಿಗಳು ಹರಡಬಲ್ಲವು. ಹಾಗಾಗಿ ಸತ್ತ ಇಲಿ ಯಾವುದೇ ಇರಲಿ, ಬರಿಗೈಯಲ್ಲಿ ಮುಟ್ಟಬೇಡಿ.

ಕಣ್ಣಿಗೆ ಒಂದೇ ಕಂಡದ್ದೆಲ್ಲ ಒಂದೇ ಅಲ್ಲ. ಮುಂದಿನ ಸಲ ಬೋನಿಗೆ ಇಲಿ ಬಿದ್ದಾಗ ಈ ಮಾತು ನೆನಪಿರಲಿ.