ಯವನರು ಬಲ್ಲ ಮಂಗಳೂರು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ನಮಗೆ ಸಮುದ್ರವು ದೂರ. ಆದರೂ ನಮ್ಮ ಸೀಮೆಯ ಹಳೆಯ ಮನೆಗಳ ಮೇಲೆ ಮಂಗಳೂರು ಹೆಂಚು ಇಂದಿಗೂ ಉಂಟು. ಆ ಹೆಂಚಿನ ಊರಿನ ಪೂರ್ವವೃತ್ತಾಂತವನ್ನು ವಾಚಕರು ಅರಿಯುವುದು ಉಚಿತ.

ಯವನರು ಈ ಊರನ್ನು ಕಟ್ಟಿದವರಲ್ಲ, ಬಲ್ಲವರು. ಸುಮಾರು ಕ್ರಿ.ಶ. 77ರಲ್ಲಿ ರೋಮಿನ ಪ್ಲಿನಿಯು ‘ನಿತ್ರಿಯಾಸ್’ ಎಂಬಲ್ಲಿ ಕಡಲ್ಗಳ್ಳರ ಭಯವುಂಟೆಂದು ಬರೆದನು. ಮುಂದಿನ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಟಾಲೆಮಿಯು ತನ್ನ ಗ್ರೀಕ್ ಭೂಗೋಳಗ್ರಂಥದಲ್ಲಿ ಪಡುಗಡಲ ತೀರದ ‘ನಿತ್ರ’ ಎಂಬ ವ್ಯಾಪಾರಸ್ಥಳವನ್ನು ಹೆಸರಿಸಿದನು. ನೇತ್ರಾವತಿಯ ಹೆಸರೇ ಹೀಗೆ ಪರಭಾಷೆಗಳಲ್ಲಿ ಉಳಿಯಿತೆಂದೂ, ಆ ಸ್ಥಳವು ಮಂಗಳೂರೆಂದೂ ಅನೇಕ ವಿದ್ವಾಂಸರ ಮತ.

ವರ್ತಕರನ್ನು ಕರೆದ ನದಿಯೇ ಮುಂದೆ ಕೈಗಾರಿಕೆಗೂ ತಾಯಿಯಾಯಿತು. 1865ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್‌ಸ್ಟ್ ಎಂಬ ಜರ್ಮನನು ನದೀತೀರದ ಜೇಡಿಮಣ್ಣಿನಿಂದ ಹೆಂಚು ಮಾಡುವ ಕಾರ್ಖಾನೆಯನ್ನು ತೆರೆದನು. 1974ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ದೇಶದ ಪ್ರಧಾನ ಬಂದರುಗಳಲ್ಲಿ ಒಂದಾಯಿತು. ಬಳಿಕ ಗೊಬ್ಬರದ ಕಾರ್ಖಾನೆಯೂ ತೈಲ ಶುದ್ಧೀಕರಣ ಕಾರ್ಖಾನೆಯೂ ನೆಲಸಿದವು. ಹೆಂಚಿನ ಕಾರ್ಖಾನೆಗಳಾದರೋ ಬಹುಮಟ್ಟಿಗೆ ಮುಚ್ಚಿಹೋದವು.

ಉದ್ಯಮಗಳು ಬರುವುವು, ಹೋಗುವುವು. ಎರಡು ಸಾವಿರ ವರ್ಷ ಊರಿಗೆ ಹೆಸರು ತಂದುದು ನದಿ. ಅದರ ನೀರನ್ನು ಕೆಡಿಸದೆ ಕಾಯುವುದೇ ಊರನ್ನು ಕಾಯುವುದು. ಜಯಮಂಗಲಿಯ ಒಣಮರಳನ್ನು ಕಂಡು ಬಲ್ಲ ನಮಗೆ ಇದನ್ನು ಬೇರೆಯವರು ಹೇಳಬೇಕಾದುದಿಲ್ಲ.