ಪವರ್ ವೀಡರ್ ಚಾಲೂ ಆಗದಿದ್ದರೆ

ನಮ್ಮದು ಅಥಣಿ ತಾಲ್ಲೂಕಿನ ಮಳೆಯಾಶ್ರಿತ ಹೊಲ. ತೊಗರಿ ಸಾಲಿನಲ್ಲಿ ಎಡೆ ಹೊಡೆಯಲು ಪೆಟ್ರೋಲ್ ವೀಡರ್ ಇಟ್ಟಿದ್ದೇನೆ. ಹೋದ ಮುಂಗಾರಿನಲ್ಲಿ ಹದ ಸಿಕ್ಕಾಗ ಹಗ್ಗ ಜಗ್ಗಿ ಜಗ್ಗಿ ರಟ್ಟೆ ನೋವು ಬಂತೇ ಹೊರತು ಇಂಜಿನ್ ಚಾಲೂ ಆಗಲಿಲ್ಲ. ಗ್ಯಾರೇಜಿಗೆ ಒಯ್ದು ತರುವಷ್ಟರಲ್ಲಿ ನಾಲ್ಕು ದಿನ ಹೋದವು. ಹದ ಆರಿತ್ತು, ಕಸ ಮೇಲೆದ್ದಿತ್ತು. ದೋಷ ಮಾತ್ರ ಸಣ್ಣದು: ಬೇಸಿಗೆಯುದ್ದಕ್ಕೂ ಉಳಿದಿದ್ದ ಪೆಟ್ರೋಲ್ ಅಂಟಾಗಿ ಕಾರ್ಬುರೇಟರಿನ ಸಣ್ಣ ತೂತು ಕಟ್ಟಿತ್ತು.

ಈಗ ನಾನೇ ಮೊದಲು ನೋಡುತ್ತೇನೆ. ಮಶೀನನ್ನು ಸಮ ಜಾಗದಲ್ಲಿಟ್ಟು ಆಯಿಲ್ ನೋಡಬೇಕು. ಆಯಿಲ್ ಕಡಿಮೆಯಾದರೆ ಕೆಲವು ಇಂಜಿನ್ ಕಿಡಿಯನ್ನೇ ಕೊಡುವುದಿಲ್ಲ. ಸ್ವಿಚ್, ಪೆಟ್ರೋಲ್ ಕಾಕ್, ಚೋಕ್ ಸರಿ ಇವೆಯೇ ನೋಡಿ. ಏರ್ ಫಿಲ್ಟರಿನಲ್ಲಿ ಎರೆಮಣ್ಣಿನ ಧೂಳು ತುಂಬಿದ್ದರೆ ಝಾಡಿಸಿ.

ಆಮೇಲೆ ಹತ್ತು ಸಲ ಜಗ್ಗಿ ಪ್ಲಗ್ ಬಿಚ್ಚಿ. ಅದು ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಕಾಕ್ ಬಂದ್ ಮಾಡಿ, ಕಾರ್ಬುರೇಟರಿನ ಕೆಳಗಿನ ಬಟ್ಟಲು ಬಿಚ್ಚಿ ಹಳೆಯದನ್ನು ಚೆಲ್ಲಿ, ಒರೆಸಿ, ಹೊಸ ಪೆಟ್ರೋಲ್ ಹಾಕಿ. ಹತ್ತಿರ ಬೀಡಿ, ಬೆಂಕಿ ಬೇಡ. ಪ್ಲಗ್ ಒದ್ದೆಯಿದ್ದರೆ ಪೆಟ್ರೋಲ್ ಹೆಚ್ಚಾಗಿದೆ, ಇಲ್ಲವೇ ಕಿಡಿ ಇಲ್ಲ. ಪ್ಲಗ್ ಒರೆಸಿ ಒಣಗಿಸಿ. ಸ್ವಿಚ್ ಮತ್ತು ಕಾಕ್ ಬಂದ್ ಮಾಡಿ, ಪ್ಲಗ್ ಇಲ್ಲದೆಯೇ ಐದಾರು ಸಲ ಜಗ್ಗಿ. ಒಳಗಿನ ಪೆಟ್ರೋಲ್ ಹೊರಬೀಳುತ್ತದೆ. ಮತ್ತೆ ಕೂರಿಸಿದರೂ ಹಿಡಿಯದಿದ್ದರೆ ಹೊಸ ಪ್ಲಗ್ ಹಾಕಿ. ಅದಕ್ಕೂ ಬಗ್ಗದಿದ್ದರೆ ಮಿಸ್ತ್ರಿಯೇ ಗತಿ.

ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇರುತ್ತದೆ. ನಮ್ಮ ಕಡೆಯ ಕಬ್ಬಿನಿಂದಲೂ ಅದನ್ನು ಮಾಡುತ್ತಾರೆ. ಅದು ಗಾಳಿಯ ತೇವ ಹೀರುತ್ತದೆ. ಅದಕ್ಕೇ ಕೊನೆಯ ಎಡೆ ಮುಗಿದ ದಿನ ಟಾಕಿ ಖಾಲಿ ಮಾಡಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ. ಹತ್ತು ನಿಮಿಷದ ಈ ಕೆಲಸ ಮಾಡಿದ್ದರೆ ನನ್ನ ಹದ ತಪ್ಪುತ್ತಿರಲಿಲ್ಲ.