ಒಂದು ಗಣಕ, ಹಲವು ಪೈಥಾನುಗಳು

ಪೈಥಾನ್ ಭಾಷೆಯಲ್ಲಿ ಕ್ರಮವಿಧಿಗಳನ್ನು ಬರೆಯಲು ಕಲಿಯುತ್ತಿರುವ ವಿದ್ಯಾರ್ಥಿಗಳನ್ನು ತಬ್ಬಿಬ್ಬುಗೊಳಿಸುವ ಸಂಗತಿಯೊಂದುಂಟು. ಗಣಿತದ ಕೆಲಸಕ್ಕೆ ಬೇಕಾದ ‘ನಮ್‌ಪೈ’ ಎಂಬ ಪ್ಯಾಕೇಜನ್ನು ಅಂತರಜಾಲದಿಂದ ತರಿಸಿಕೊಂಡಾಗ, ಸ್ಥಾಪನೆ ಯಶಸ್ವಿಯಾಯಿತೆಂದು ಗಣಕವು ವರದಿ ಒಪ್ಪಿಸುತ್ತದೆ. ಮರುಕ್ಷಣವೇ ಕ್ರಮವಿಧಿಯನ್ನು ನಡೆಸಹೊರಟರೆ, ನಮ್‌ಪೈ ಎಂಬ ಹೆಸರಿನದೊಂದು ಇಲ್ಲವೇ ಇಲ್ಲವೆಂದು ಅದೇ ಗಣಕವು ಸಾಧಿಸುತ್ತದೆ. ವಿದ್ಯಾರ್ಥಿಯು ಎರಡನೆಯ ಸಲ ತರಿಸುತ್ತಾನೆ. ಈಗಾಗಲೇ ಇದೆಯಲ್ಲ ಎಂಬ ಉತ್ತರ ಬರುತ್ತದೆ. ಪುನಃ ನಡೆಸುತ್ತಾನೆ, ಇಲ್ಲವೆಂಬ ಉತ್ತರ ಬರುತ್ತದೆ. ಯಂತ್ರವು ಸುಳ್ಳು ಹೇಳುತ್ತಿದೆಯೆ? ಹಾಗೇನೂ ಇಲ್ಲ. ಎರಡು ಮಾತುಗಳೂ ನಿಜ; ಆದರೆ ಅವುಗಳನ್ನು ಆಡಿದವರು ಬೇರೆ ಬೇರೆ. ಆ ಗಣಕದೊಳಗೆ ಇರುವುದು ಒಂದು ಪೈಥಾನ್ ಅಲ್ಲ, ಎರಡೋ ಮೂರೋ ಇವೆ.

ಒಂದೇ ಭಾಷೆಗೆ ಇಷ್ಟೊಂದು ರೂಪಗಳು ಏತಕ್ಕೆ ಎಂದು ವಾಚಕರು ಕೇಳಬಹುದು. ಹಾಲೆಂಡಿನ ಆಮ್‌ಸ್ಟರ್‌ಡ್ಯಾಮ್ ನಗರದ ಗಣಿತ ಮತ್ತು ಗಣಕವಿಜ್ಞಾನ ಸಂಶೋಧನಾಲಯದಲ್ಲಿದ್ದ ಗೀಡೊ ವಾನ್ ರಾಸಮ್ ಎಂಬವರು ೧೯೮೯ರ ಡಿಸೆಂಬರಿನಲ್ಲಿ ಈ ಭಾಷೆಯ ರಚನೆಗೆ ಕೈಹಾಕಿದರು. ೧೯೯೧ರ ಫೆಬ್ರವರಿಯಲ್ಲಿ ಅದು ಹೊರಜಗತ್ತನ್ನು ಕಂಡಿತು. ಹೆಬ್ಬಾವಿಗೂ ಅದರ ಹೆಸರಿಗೂ ಮೂಲದಲ್ಲಿ ಸಂಬಂಧವಿಲ್ಲ. ‘ಮಾಂಟಿ ಪೈಥಾನ್’ ಎಂಬ ಇಂಗ್ಲಿಷ್ ವಿನೋದ ತಂಡದ ನೆನಪಿನಲ್ಲಿ ಇಟ್ಟ ಹೆಸರು ಅದು. ೨೦೦೦ದಲ್ಲಿ ಎರಡನೆಯ ಪೈಥಾನ್ ಬಂದಿತು. ೨೦೦೮ರ ಡಿಸೆಂಬರಿನಲ್ಲಿ ಮೂರನೆಯದು ಬಂದಾಗ ಅದರ ನಿರ್ಮಾಪಕರು ಹಳೆಯ ಕೆಲವು ದೋಷಗಳನ್ನು ಬೇರುಸಹಿತ ಕಿತ್ತುಹಾಕುವ ಧೈರ್ಯಮಾಡಿದರು. ಏಳನ್ನು ಎರಡರಿಂದ ಭಾಗಿಸೆಂದರೆ ಹಳೆಯ ಪೈಥಾನ್ ಶೇಷವನ್ನು ಕೈಬಿಟ್ಟು ೩ ಎನ್ನುತ್ತಿತ್ತು, ಹೊಸದು ೩.೫ ಎಂದಿತು. ‘ಕನ್ನಡ’ ಎಂಬ ಪದದ ಉದ್ದವೆಷ್ಟು ಎಂದು ಕೇಳಿದರೆ ಇನ್ನೂ ಸ್ವಾರಸ್ಯ. ನಮ್ಮ ಕಣ್ಣಿಗೆ ಅದರಲ್ಲಿ ಮೂರೇ ಅಕ್ಷರ. ಯೂನಿಕೋಡ್ ಪದ್ಧತಿಯಲ್ಲಿ ಕ, ನ, ವಿರಾಮಚಿಹ್ನೆಯಾದ ಹಲಂತ, ಮತ್ತೆ ನ, ಡ ಎಂದು ಐದು ಸಂಕೇತಗಳು. ಯುಟಿಎಫ್-೮ ಎಂಬ ರೂಢಿಯ ಬರಹಕ್ರಮದಲ್ಲಿ ಈ ಒಂದೊಂದು ಸಂಕೇತಕ್ಕೂ ಮೂರು ಬೈಟುಗಳು ಬೇಕು. ಅಂತಹ ಕಡತದಲ್ಲಿ ಸಾಧಾರಣ ಉದ್ಧರಣಚಿಹ್ನೆಗಳೊಳಗೆ ಬರೆದ ಈ ಪದವನ್ನು ಹಳೆಯ ಪೈಥಾನ್ ಬೈಟುಗಳ ಸಾಲೆಂದು ಬಗೆದು ೧೫ ಎಂದರೆ, ಹೊಸದು ೫ ಎನ್ನುತ್ತದೆ. ರೋಮನ್ ಲಿಪಿಯವರು ಹಲವು ವರ್ಷ ಗಮನಿಸದೆ ಇರಬಹುದಾಗಿದ್ದ ಈ ವ್ಯತ್ಯಾಸವು ನಮ್ಮಂಥವರಿಗೆ ಮೊದಲ ಸಾಲಿನಲ್ಲಿಯೇ ಎದುರಾಗುತ್ತಿತ್ತು.

ಹೀಗೆ ಉತ್ತರಗಳೇ ಬದಲಾದ ಮೇಲೆ ಹಳೆಯ ಕ್ರಮವಿಧಿಗಳನ್ನು ಹೊಸ ಪೈಥಾನಿಗೆ ಒಪ್ಪಿಸುವುದು ಹೇಗೆ? ಅವನ್ನು ತಿದ್ದಿ ಬರೆಯುವವರೆಗೆ ಎರಡನ್ನೂ ಇಟ್ಟುಕೊಳ್ಳುವುದು ಅನಿವಾರ್ಯವಾಯಿತು. ಹಳೆಯದರ ಕೊನೆಯ ಶಾಖೆಯಾದ ೨.೭ಕ್ಕೆ ೨೦೧೫ರಲ್ಲಿ ಮುಕ್ತಾಯ ಹಾಡಬೇಕೆಂದಿದ್ದರೂ, ಜನರ ಸಂಕಷ್ಟವನ್ನು ಕಂಡು ೨೦೨೦ರ ಜನವರಿ ೧ರವರೆಗೆ ಗಡುವನ್ನು ಬೆಳೆಸಬೇಕಾಯಿತು. ಅಲ್ಲಿಗೂ ಕಥೆ ಮುಗಿಯಲಿಲ್ಲ. ಈಗ ಮೂರನೆಯ ಪೈಥಾನಿನ ಹೊಸ ಆವೃತ್ತಿಯು ವರ್ಷಕ್ಕೊಂದರಂತೆ ಅಕ್ಟೋಬರಿನಲ್ಲಿ ಹೊರಬೀಳುತ್ತದೆ: ೨೦೨೧ರಲ್ಲಿ ೩.೧೦, ೨೦೨೨ರಲ್ಲಿ ೩.೧೧, ೨೦೨೩ರಲ್ಲಿ ೩.೧೨, ಹೀಗೆ. (ಇವು ದಶಮಾಂಶಗಳಲ್ಲವೆಂಬುದನ್ನು ನೆನಪಿಡಬೇಕು. ೩.೧೦ ಎಂಬುದು ೩.೯ರ ತರುವಾಯ ಬಂದದ್ದು; ‘ಮೂರು-ಹತ್ತು’ ಎಂದು ಓದಿಕೊಂಡರೆ ಗೊಂದಲವಿಲ್ಲ.) ಈ ಬದಲಾವಣೆಗಳು ೨೦೦೮ರದಷ್ಟು ದೊಡ್ಡವಲ್ಲವಾದರೂ ನಿರುಪದ್ರವಿಗಳೂ ಅಲ್ಲ. ೨೦೧೮ರ ೩.೭ರಲ್ಲಿ ‘ಅಸಿಂಕ್’ ಎಂಬ ಮಾತನ್ನು ಭಾಷೆಯು ತನಗಾಗಿ ಕಾದಿರಿಸಿಕೊಂಡುದರಿಂದ, ಆ ಹೆಸರನ್ನು ತಮ್ಮೊಳಗೆ ಬಳಸಿಕೊಂಡಿದ್ದ ಪ್ಯಾಕೇಜುಗಳು ಒಮ್ಮೆಲೇ ನಿಂತುಹೋದವು. ಪ್ಯಾಕೇಜುಗಳನ್ನು ಕಟ್ಟಲು ಬಹುಕಾಲದಿಂದ ನೆರವಾಗುತ್ತಿದ್ದ ‘ಡಿಸ್ಟ್‌ಯುಟಿಲ್ಸ್’ ಎಂಬ ಭಾಗವನ್ನು ೩.೧೨ರಲ್ಲಿ ತೆಗೆದುಹಾಕಲಾಯಿತು. ಆದಕಾರಣ ಪ್ರಯೋಗಶಾಲೆಯ ಒಂದು ಗಣಕದಲ್ಲಿ ೩.೮, ೩.೧೧, ೩.೧೩ ಮೂರೂ ವಾಸವಾಗಿರುವುದು ಆಶ್ಚರ್ಯವೇನಲ್ಲ.

ಇವು ಹೇಗೆ ಬಾಳುತ್ತವೆ ಎಂಬುದನ್ನು ಅರಿಯಲು, ಒಂದೇ ಸೂರಿನಡಿ ಬೇರೆ ಬೇರೆ ಒಲೆ ಹೂಡಿಕೊಂಡಿರುವ ಅಣ್ಣತಮ್ಮಂದಿರನ್ನು ನೆನೆಯೋಣ. ಮನೆ ಒಂದೇ, ಅಂಗಳ ಒಂದೇ. ಆದರೆ ಒಬ್ಬೊಬ್ಬನಿಗೂ ಅವನದೇ ಉಗ್ರಾಣ. ಪೈಥಾನಿನ ಪ್ರತಿಯೊಂದು ಆವೃತ್ತಿಗೂ ‘ಸೈಟ್-ಪ್ಯಾಕೇಜಸ್’ ಎಂಬ ಹೆಸರಿನ ಕಡತಕೋಶವೊಂದಿರುತ್ತದೆ. ಹೊರಗಿನಿಂದ ತರಿಸಿದ ಪ್ಯಾಕೇಜುಗಳೆಲ್ಲವೂ ಸೇರುವುದು ಅಲ್ಲಿಗೆ. ೩.೧೧ರ ಉಗ್ರಾಣದಲ್ಲಿ ನಮ್‌ಪೈ ತುಂಬಿಟ್ಟರೆ ೩.೧೩ಕ್ಕೆ ಅದರ ವಾಸನೆಯೂ ತಿಳಿಯದು. ನಾವು ಮೊದಲಲ್ಲಿ ಕಂಡ ಒಗಟಿನ ಅರ್ಧಭಾಗ ಇಲ್ಲಿಯೇ ಬಿಡಿಸಿತು.

ಒಂದೇ ಉಗ್ರಾಣವನ್ನು ಎಲ್ಲರೂ ಹಂಚಿಕೊಂಡರಾಗದೆ? ಪೂರ್ತಿಯಾಗಿ ಪೈಥಾನ್ ಭಾಷೆಯಲ್ಲಿಯೇ ಬರೆದಿರುವ ಪ್ಯಾಕೇಜುಗಳ ಮಟ್ಟಿಗೆ ಅದು ಹೇಗೋ ನಡೆದೀತು. ಆದರೆ ನಮ್‌ಪೈಯಂತಹ ವೇಗದ ಪ್ಯಾಕೇಜುಗಳ ಒಳತಿರುಳು ಸಿ ಮುಂತಾದ ಭಾಷೆಗಳಲ್ಲಿ ಬರೆದು, ಯಂತ್ರಸಂಕೇತಕ್ಕೆ ಪರಿವರ್ತಿಸಿದ್ದಾಗಿರುತ್ತದೆ. ಆ ಯಂತ್ರಸಂಕೇತವು ಪೈಥಾನಿನ ಒಳರಚನೆಯನ್ನು ನೇರವಾಗಿ ಮುಟ್ಟಿ ಕೆಲಸಮಾಡಬೇಕು; ಆ ಒಳರಚನೆಯಾದರೋ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತದೆ. ಬೀಗದ ಒಳಹಲ್ಲುಗಳು ಬದಲಾದರೆ ಹಳೆಯ ಕೀಲಿಕೈ ತಿರುಗೀತೆ? ಇದಕ್ಕಾಗಿಯೇ ಇಂತಹ ಪ್ಯಾಕೇಜುಗಳ ಕಟ್ಟಿನ ಮೇಲೆ ಗುರುತೊಂದನ್ನು ಒತ್ತಿರುತ್ತಾರೆ. ಕಡತದ ಹೆಸರಿನ ನಡುವೆ ‘ಸಿಪಿ೩೧೧’ ಎಂದಿದ್ದರೆ ಅದು ೩.೧೧ಕ್ಕೆ ಹೊಂದುವ ಕಟ್ಟು. ಕೆಲವರು ಮಾತ್ರ ಹಲವು ಆವೃತ್ತಿಗಳಿಗೆ ಸಲ್ಲುವ ಸ್ಥಿರವಾದ ಸಂಪರ್ಕಭಾಗವನ್ನಷ್ಟೇ ಬಳಸಿ ಒಂದೇ ಕಟ್ಟನ್ನು ಸಿದ್ಧಪಡಿಸುತ್ತಾರೆ. ಈ ಕಟ್ಟುಗಳಿಗೆ ‘ವೀಲ್’ ಎಂದು ಹೆಸರು. ಗಾಡಿಯ ಚಕ್ರವಲ್ಲ, ಗಿಣ್ಣಿನ ದುಂಡನೆಯ ಗಟ್ಟಿ! ಮಾಂಟಿ ಪೈಥಾನ್ ತಂಡದ ಚೀಸ್ ಅಂಗಡಿಯ ಪ್ರಹಸನದಿಂದ ಪೈಥಾನ್ ಪ್ಯಾಕೇಜುಗಳ ಭಂಡಾರಕ್ಕೆ ‘ಚೀಸ್ ಷಾಪ್’ ಎಂಬ ಅಡ್ಡಹೆಸರು ಬಂದು, ಅದರ ಬೆನ್ನಿಗೆ ಈ ಹೆಸರೂ ಬಂದಿತು.

ಇನ್ನು ಒಗಟಿನ ಉಳಿದರ್ಧ. ಭಂಡಾರದಿಂದ ಸಾಮಾನು ತಂದು ಉಗ್ರಾಣಕ್ಕೆ ಸೇರಿಸುವ ಆಳಿನ ಹೆಸರು ‘ಪಿಪ್’. ಇಯಾನ್ ಬಿಕಿಂಗ್ ಎಂಬವರು ೨೦೦೮ರಲ್ಲಿ ಇದನ್ನು ರಚಿಸಿದರು; ೨೦೧೪ರಲ್ಲಿ ಬಂದ ೩.೪ರಿಂದ ಈಚೆಗೆ ಅದು ಪೈಥಾನಿನ ಜೊತೆಯಲ್ಲಿಯೇ ಬರುತ್ತದೆ. ತೊಂದರೆ ಇಲ್ಲಿಯೇ. ಅಣ್ಣತಮ್ಮಂದಿರು ಮೂವರು, ಮೂವರಿಗೂ ಒಬ್ಬೊಬ್ಬ ಆಳು, ಎಲ್ಲ ಆಳುಗಳ ಹೆಸರೂ ಪಿಪ್ ಎಂದೇ! ಅಂಗಳದಲ್ಲಿ ನಿಂತು ‘ಪಿಪ್’ ಎಂದು ಕೂಗಿದರೆ ಯಾವನು ಓಡಿಬರುವನು? ಗಣಕದಲ್ಲಿ ‘ಪಾತ್’ ಎಂಬ ಪಟ್ಟಿಯೊಂದಿರುತ್ತದೆ. ಆದೇಶದ ಹೆಸರನ್ನು ಕೇಳಿದೊಡನೆ ಯಂತ್ರವು ಆ ಪಟ್ಟಿಯಲ್ಲಿರುವ ಕಡತಕೋಶಗಳನ್ನು ಒಂದಾದ ಮೇಲೊಂದರಂತೆ ಹುಡುಕಿ, ಆ ಹೆಸರಿನದು ಮೊದಲು ಎಲ್ಲಿ ಸಿಕ್ಕಿತೋ ಅದನ್ನೇ ನಡೆಸುತ್ತದೆ. ‘ಪೈಥಾನ್’ ಎಂಬ ಕರೆಗೆ ಓಗೊಟ್ಟದ್ದು ೩.೧೩, ‘ಪಿಪ್’ ಎಂಬ ಕರೆಗೆ ಓಗೊಟ್ಟದ್ದು ೩.೧೧ರ ಆಳು: ಹೀಗಾಗಲು ಏನೂ ಅಡ್ಡಿಯಿಲ್ಲ.

ಪರಿಹಾರವು ಸರಳ. ಆಳನ್ನು ಹೆಸರು ಹಿಡಿದು ಕೂಗದೆ, ಅವನ ಯಜಮಾನನ ಮೂಲಕ ಹೇಳಿಕಳುಹಿಸಬೇಕು. ‘ಪೈಥಾನ್೩.೧೧ -ಎಮ್ ಪಿಪ್ ಇನ್‌ಸ್ಟಾಲ್ ನಮ್‌ಪೈ’ ಎಂದರೆ, ೩.೧೧ ಎಂಬಾತನೇ ತನ್ನ ಆಳನ್ನು ಕರೆದು ನಮ್‌ಪೈ ತರಿಸಲಿ ಎಂದರ್ಥ. (ಉಚ್ಚಾರಣೆಗಾಗಿ ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇವೆ, ಯಂತ್ರಕ್ಕೆ ರೋಮನ್ ಲಿಪಿಯಲ್ಲಿಯೇ ಬೆರಳಚ್ಚಿಸಬೇಕು.) ವಿಂಡೋಸ್ ಗಣಕಗಳಲ್ಲಿ ‘ಪೈ -೩.೧೧ -ಎಮ್ ಪಿಪ್’ ಎಂದು ಆರಂಭಿಸುವುದು ರೂಢಿ. ಸಂದೇಹ ಬಂದಾಗ ‘ಪಿಪ್ --ವರ್ಷನ್’ ಎಂದು ಕೇಳಿದರೆ ತಾನು ಯಾವ ಪೈಥಾನಿನ ಆಳೆಂಬುದನ್ನು, ತನ್ನ ಮನೆಯ ವಿಳಾಸದೊಡನೆ, ಅದೇ ಹೇಳುತ್ತದೆ. ಎಷ್ಟೋ ಗಂಟೆಗಳ ಪರದಾಟವನ್ನು ಈ ಒಂದು ಪ್ರಶ್ನೆ ಉಳಿಸುತ್ತದೆ.

ಇದಕ್ಕಿಂತ ಗಂಭೀರವಾದ ಅಪಾಯವೊಂದು ಲಿನಕ್ಸ್ ಗಣಕಗಳಲ್ಲಿದೆ. ಅಲ್ಲಿನ ಒಂದು ಪೈಥಾನ್ ನಮ್ಮದಲ್ಲ, ಗಣಕದ ಕಾರ್ಯವ್ಯವಸ್ಥೆಯದು. ಸೆಂಟ್‌ಓಎಸ್ ೭ರಲ್ಲಿ ತಂತ್ರಾಂಶಗಳನ್ನು ಸ್ಥಾಪಿಸುವ ‘ಯಮ್’ ಎಂಬ ಸಾಧನವು ಪೈಥಾನ್ ೨.೭ರ ಮೇಲೆಯೇ ನಿಂತಿತ್ತು. ಹೊಸ ಪೈಥಾನ್ ಬೇಕೆಂಬ ಉತ್ಸಾಹದಲ್ಲಿ ಆ ಹೆಸರನ್ನು ೩ಕ್ಕೆ ತಿರುಗಿಸಿದವರ ಗಣಕದಲ್ಲಿ ಯಮ್ ಒಡನೆಯೇ ಕೆಟ್ಟಿತು. ದುರಸ್ತಿಗೆ ಬೇಕಾದುದನ್ನು ತರಬೇಕಾದ ಸಾಧನವೇ ಕೆಟ್ಟಮೇಲೆ ದುರಸ್ತಿ ಮಾಡುವುದು ಹೇಗೆ? ಅಧಿಕಾರಿಯ ಹಕ್ಕಿನಿಂದ ಪಿಪ್ ನಡೆಸಿ ವ್ಯವಸ್ಥೆಯ ಉಗ್ರಾಣಕ್ಕೆ ಹೊಸ ಸರಕು ತುಂಬುವುದೂ ಇದೇ ಬಗೆಯ ಸಾಹಸ. ೨೦೨೩ರಲ್ಲಿ ಬಂದ ಡೆಬಿಯನ್ ೧೨ ಮತ್ತು ಉಬುಂಟು ೨೩.೦೪ ಈ ಬಾಗಿಲಿಗೆ ಬೀಗ ಹಾಕಿದವು. ಅಲ್ಲಿ ಪಿಪ್, ಈ ಪರಿಸರವನ್ನು ಹೊರಗಿನವರು ನೋಡಿಕೊಳ್ಳುತ್ತಿದ್ದಾರೆ ಎಂದು ಹೇಳಿ ಹಿಂದೆ ಸರಿಯುತ್ತದೆ. ಬೀಗ ಒಡೆಯುವ ಉಪಾಯವೂ ಉಂಟು. ಆದರೆ ಅದಕ್ಕೆ ‘ವ್ಯವಸ್ಥೆಯ ಪ್ಯಾಕೇಜುಗಳನ್ನು ಮುರಿ’ ಎಂಬರ್ಥದ ಹೆಸರನ್ನೇ ಇಟ್ಟಿದ್ದಾರೆ. ಇಷ್ಟು ಪ್ರಾಮಾಣಿಕವಾದ ಆದೇಶವನ್ನು ನಾವು ಬೇರೆಲ್ಲಿಯೂ ಕಂಡಿಲ್ಲ.

ಆವೃತ್ತಿಗಳನ್ನು ಬೇರ್ಪಡಿಸಿದರೂ ಇನ್ನೊಂದು ಕಗ್ಗಂಟು ಉಳಿಯುತ್ತದೆ. ಒಂದು ಉಗ್ರಾಣದಲ್ಲಿ ಒಂದು ಪ್ಯಾಕೇಜಿನ ಒಂದೇ ಆವೃತ್ತಿಗೆ ಸ್ಥಳ. ೨೦೨೪ರ ಜೂನ್ ತಿಂಗಳಲ್ಲಿ ನಮ್‌ಪೈ ೨.೦ ಬಂದಾಗ, ನಮ್‌ಪೈ ೧ಕ್ಕೆ ಹೊಂದಿಸಿ ಯಂತ್ರಸಂಕೇತಕ್ಕೆ ಇಳಿಸಿದ್ದ ಇತರ ಪ್ಯಾಕೇಜುಗಳು ಅದರೊಡನೆ ಕೂಡಿ ನಡೆಯಲಾರದೆ ಹೋದವು. ಹಳೆಯ ಸಂಶೋಧನೆಗೆ ನಮ್‌ಪೈ ೧ ಬೇಕು, ಹೊಸ ಪಾಠಕ್ಕೆ ೨ ಬೇಕು ಎಂದಾದರೆ? ಒಂದನ್ನು ತಂದೊಡನೆ ಮತ್ತೊಂದು ಹೊರಬೀಳುತ್ತದೆ. ನಿನ್ನೆ ನಡೆದ ಲೆಕ್ಕ ಇಂದು ನಡೆಯದು.

ಇದಕ್ಕೆ ‘ಕಲ್ಪಿತ ಪರಿಸರ’ ಎಂಬ ಉಪಾಯವಿದೆ. ಮದುವೆಯ ಅಡುಗೆಗೆಂದು ಹಿತ್ತಿಲಿನಲ್ಲಿ ಚಪ್ಪರ ಹಾಕಿ, ಒಲೆ ಹೂಡಿ, ಅದಕ್ಕೆಂದೇ ಸಾಮಾನು ತರಿಸಿ, ಕಾರ್ಯ ಮುಗಿದ ಮೇಲೆ ಕಿತ್ತುಹಾಕುವುದಿಲ್ಲವೆ? ಹಾಗೆಯೇ ಒಂದೊಂದು ಕೆಲಸಕ್ಕೂ ಒಂದೊಂದು ಪುಟ್ಟ ಉಗ್ರಾಣ. ಬಿಕಿಂಗ್ ಅವರೇ ೨೦೦೭ರಲ್ಲಿ ಇದಕ್ಕೆ ಸಾಧನವನ್ನು ಒದಗಿಸಿದ್ದರು, ೨೦೧೨ರ ೩.೩ರಿಂದ ‘ವೆನ್ವ್’ ಎಂಬ ಹೆಸರಿನಲ್ಲಿ ಅಂತಹುದೇ ಸಾಧನ ಪೈಥಾನಿನೊಳಗೇ ಸೇರಿತು. ‘ಪೈಥಾನ್೩.೧೧ -ಎಮ್ ವೆನ್ವ್ ಲೆಕ್ಕ’ ಎಂದರೆ ಸಾಕು, ‘ಲೆಕ್ಕ’ ಎಂಬ ಕಡತಕೋಶ ಸಿದ್ಧವಾಗುತ್ತದೆ. ಇದರಲ್ಲಿ ಇಡೀ ಪೈಥಾನಿನ ನಕಲು ಇರುತ್ತದೆಂದು ಭಾವಿಸಬಾರದು. ಇರುವುದು ಮೂಲ ಪೈಥಾನಿನ ಕಡೆಗೆ ಕೈತೋರುವ ಸಣ್ಣ ಕೊಂಡಿ, ಬರಿದಾದ ಸೈಟ್-ಪ್ಯಾಕೇಜಸ್, ತನ್ನದೇ ಒಬ್ಬ ಪಿಪ್, ಮತ್ತು ಮೂಲವೆಲ್ಲಿದೆ ಎಂದು ತಿಳಿಸುವ ನಾಲ್ಕಾರು ಸಾಲುಗಳ ಒಂದು ಪಠ್ಯಕಡತ. ಪೈಥಾನ್ ಎದ್ದೊಡನೆ ಆ ಕಡತವನ್ನು ಹುಡುಕುತ್ತದೆ. ಸಿಕ್ಕರೆ ಭಾಷೆಯ ಮೂಲಭಾಗಗಳನ್ನು ಹಳೆಯ ಮನೆಯಿಂದಲೂ, ಪ್ಯಾಕೇಜುಗಳನ್ನು ಹೊಸ ಚಪ್ಪರದಿಂದಲೂ ತೆಗೆದುಕೊಳ್ಳುತ್ತದೆ. ಪರಿಸರವನ್ನು ‘ಸಕ್ರಿಯಗೊಳಿಸುವುದು’ ಎಂದು ಹೇಳುವ ಕ್ರಿಯೆಯಲ್ಲಿ ಮಾಯವೇನಿಲ್ಲ. ಪಾತ್ ಪಟ್ಟಿಯ ತಲೆಯಲ್ಲಿ ಈ ಚಪ್ಪರದ ವಿಳಾಸವನ್ನು ಸೇರಿಸುವುದೇ ಅದರ ಮುಖ್ಯ ಕೆಲಸ.

ಚಪ್ಪರದಲ್ಲಿ ಏನೇನಿದೆಯೆಂಬ ಪಟ್ಟಿಯನ್ನು ‘ಪಿಪ್ ಫ್ರೀಜ್’ ಎಂಬ ಆದೇಶ ಆವೃತ್ತಿಸಂಖ್ಯೆಗಳೊಡನೆ ಬರೆದುಕೊಡುತ್ತದೆ. ಪ್ರೌಢಪ್ರಬಂಧಕ್ಕೆ ಲೆಕ್ಕಹಾಕುವ ವಿದ್ಯಾರ್ಥಿಗೆ ಈ ಪಟ್ಟಿ ಮತ್ತು ಪೈಥಾನಿನ ಆವೃತ್ತಿಸಂಖ್ಯೆ ಇವೆರಡೂ ಪ್ರಯೋಗದ ದಿನಚರಿಯಷ್ಟೇ ಬೆಲೆಯುಳ್ಳವು. ಮೂರು ವರ್ಷಗಳ ನಂತರ ಪರೀಕ್ಷಕರು ಅದೇ ಉತ್ತರವನ್ನು ಮತ್ತೊಮ್ಮೆ ತೋರಿಸೆಂದಾಗ ಆ ಪಟ್ಟಿಯಿಂದ ಚಪ್ಪರವನ್ನು ಪುನಃ ಎಬ್ಬಿಸಬಹುದು. ಪಟ್ಟಿಯಿಲ್ಲದಿದ್ದರೆ ಯಾವ ನಮ್‌ಪೈ, ಯಾವ ಪೈಥಾನ್ ಎಂದು ಊಹಿಸುತ್ತ ಕೂರಬೇಕು.

ಒಂದು ಮಿತಿಯನ್ನು ಮರೆಯುವಂತಿಲ್ಲ. ವೆನ್ವ್ ಹೊಸ ಪೈಥಾನನ್ನು ತಂದುಕೊಡಲಾರದು, ೩.೧೧ರ ಚಪ್ಪರ ಬೇಕಾದರೆ ಮನೆಯಲ್ಲಿ ೩.೧೧ ಮೊದಲೇ ಇರಬೇಕು. ಹಲವು ಆವೃತ್ತಿಗಳನ್ನು ತರಿಸುವ ಕೆಲಸಕ್ಕೆ ‘ಪೈಎನ್ವ್’, ಪೈಥಾನನ್ನೂ ಒಂದು ಪ್ಯಾಕೇಜಿನಂತೆಯೇ ಕಾಣುವ ‘ಕೊಂಡಾ’, ಎರಡೂ ಕೆಲಸಗಳನ್ನು ಬಹಳ ಬೇಗನೆ ಮಾಡಿಮುಗಿಸುವ, ೨೦೨೪ರಲ್ಲಿ ಬಂದ ‘ಯುವಿ’ ಮೊದಲಾದವು ಇವೆ. ಚಪ್ಪರವನ್ನು ಎತ್ತಿ ಬೇರೆಡೆಗೆ ಸಾಗಿಸುವುದೂ ಸಲ್ಲದು. ಅದರೊಳಗಿನ ಆದೇಶಗಳಲ್ಲಿ ಹಳೆಯ ವಿಳಾಸವೇ ಬರೆದಿರುತ್ತದೆ. ಹೊಸ ಜಾಗದಲ್ಲಿ ಪಟ್ಟಿ ನೋಡಿ ಹೊಸದಾಗಿ ಕಟ್ಟಿ, ಹಳೆಯ ಕಡತಕೋಶವನ್ನು ಅಳಿಸಿಬಿಟ್ಟರಾಯಿತು.